ಮಿಲಿಟ್ರಿ ತರಬೇತಿಗೆ ಕಾಲೇಜಿನ ಕ್ರೆಡಿಟ್ ಪಡೆಯುವುದು ಹೇಗೆ: ಉತ್ತರ ಕನ್ನಡದ ಅಗ್ನಿವೀರರಿಗೆ, ಮಾಜಿ ಸೈನಿಕರಿಗೆ

ಹದಿನೈದು ವರ್ಷ ಸರ್ವಿಸ್ ಮುಗಿಸಿ ಊರಿಗೆ ಬಂದವರ ಕಪ್ಪು ಟ್ರಂಕಿನಲ್ಲಿ ಡಿಸ್ಚಾರ್ಜ್ ಬುಕ್ಕಿನ ಜತೆಗೇ, ಪದವಿಗೆ ಸಮಾನ ಎಂದು ಬರೆದ ಒಂದು ಸರ್ಟಿಫಿಕೇಟೂ ಇರುತ್ತದೆ. ಅದನ್ನೇ ಡಿಗ್ರಿ ಎಂದು ನಂಬಿ ಬಿ.ಇಡಿ.ಗೋ ಎಂ.ಎ.ಗೋ ಅರ್ಜಿ ಹಾಕಲು ಹೋದವರು ಕಾಲೇಜಿನ ಕೌಂಟರಿನಲ್ಲಿ ‘ಯಾವ ಯೂನಿವರ್ಸಿಟಿ, ಮಾರ್ಕ್ಸ್ ಕಾರ್ಡ್ ಎಲ್ಲಿ’ ಎಂದು ಕೇಳಿದ ಕೂಡಲೇ ಸುಮ್ಮನಾಗಬೇಕಾಗುತ್ತದೆ. ತಪ್ಪು ಅವರದಲ್ಲ. ಆ ಕಾಗದ ಯಾವುದಕ್ಕೆ ನಡೆಯುತ್ತದೆ, ಯಾವುದಕ್ಕೆ ನಡೆಯುವುದಿಲ್ಲ ಎಂದು ಕೊಡುವಾಗ ಯಾರೂ ಬಿಡಿಸಿ ಹೇಳಿರುವುದಿಲ್ಲ. ಆದ್ದರಿಂದ ಮೊದಲು ಅದೇ ವಿಷಯ.

ಮಾಜಿ ಸೈನಿಕರ ಮರುನೇಮಕಾತಿಗೆಂದು ಕೇಂದ್ರ ಸರ್ಕಾರ 1979ರಲ್ಲಿ ನಿಯಮ ಮಾಡಿದೆ. ಎಸ್ಸೆಸ್ಸೆಲ್ಸಿ ಪಾಸಾದವರು, ಇಲ್ಲವೇ ಭೂಸೇನೆಯ ಸ್ಪೆಷಲ್ ಸರ್ಟಿಫಿಕೇಟ್ ಆಫ್ ಎಜುಕೇಷನ್ ಅಥವಾ ನೌಕಾಪಡೆ, ವಾಯುಪಡೆಯ ಅದಕ್ಕೆ ಸಮಾನವಾದ ಸರ್ಟಿಫಿಕೇಟ್ ಪಡೆದವರು ಕನಿಷ್ಠ 15 ವರ್ಷ ಸೇವೆ ಮಾಡಿದ್ದರೆ, ಪದವಿ ಕೇಳುವ ಗ್ರೂಪ್ ಸಿ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಮೀಸಲಿಟ್ಟ ಜಾಗಗಳಿಗೆ ಅವರನ್ನು ಪರಿಗಣಿಸಬಹುದು ಎಂದು ಆ ನಿಯಮ ಹೇಳುತ್ತದೆ. ತಾಂತ್ರಿಕ ಅಥವಾ ವೃತ್ತಿಪರ ಅನುಭವ ಕಡ್ಡಾಯವಾಗಿರುವ ಹುದ್ದೆಗೆ ಇದು ಅನ್ವಯಿಸದು. ಬ್ಯಾಂಕ್ ಕ್ಲರ್ಕ್ ಪರೀಕ್ಷೆಯ ಪ್ರಕಟಣೆಯಲ್ಲಿ ಮಾಜಿ ಸೈನಿಕರ ಅರ್ಹತೆಯ ಕೆಳಗೆ ಬರುವ ಸಾಲು ಇದರದೇ ಪ್ರತಿರೂಪ. ಹಾಗಾಗಿ ಆ ಕಾಗದಕ್ಕೆ ಬೆಲೆ ಇದೆ, ಜೋಪಾನ ಮಾಡಿ. ಆದರೆ ಅದು ಒಂದು ಮಟ್ಟದ ನೌಕರಿಗೆ ಸಿಕ್ಕ ರಿಯಾಯಿತಿಯೇ ಹೊರತು ವಿಶ್ವವಿದ್ಯಾಲಯ ಕೊಟ್ಟ ಪದವಿಯಲ್ಲ. ಅದರಲ್ಲಿ ಒಂದೂ ಕ್ರೆಡಿಟ್ (ಪದವಿಗೆಂದು ಕಲಿಕೆಯನ್ನು ಅಳೆಯುವ ಅಂಶ) ಇಲ್ಲ, ಅದನ್ನು ತೋರಿಸಿ ಎಂ.ಎ., ಬಿ.ಇಡಿ., ಮೂರು ವರ್ಷದ ಎಲ್‌ಎಲ್.ಬಿ. ಸೇರಲು ಆಗುವುದಿಲ್ಲ. ರಾಜ್ಯ ಸರ್ಕಾರದ ಹುದ್ದೆಗಳಿಗೆ ರಾಜ್ಯದ ನೇಮಕಾತಿ ನಿಯಮಗಳೇ ಬೇರೆ. ಆಯಾ ಪ್ರಕಟಣೆಯಲ್ಲಿ ಏನು ಬರೆದಿದೆಯೋ ಅದೇ ಅಂತಿಮ.

ನಿಜವಾದ ಪದವಿ ಬೇಕು, ಅದರಲ್ಲಿ ಸೇನೆಯಲ್ಲಿ ಕಲಿತದ್ದೂ ಲೆಕ್ಕಕ್ಕೆ ಬರಬೇಕು ಎನ್ನುವವರಿಗೆ ಮುಂದಿನದು.

ಲೆಕ್ಕ ನಡೆಯುವುದು ಗಂಟೆಯಲ್ಲಿ

ನೀವು ಎಷ್ಟು ವರ್ಷ ಸೇವೆ ಮಾಡಿದಿರಿ ಎಂಬುದಕ್ಕೆ ವಿಶ್ವವಿದ್ಯಾಲಯ ಕ್ರೆಡಿಟ್ ಕೊಡುವುದಿಲ್ಲ. ಏನು ಕಲಿತಿರಿ, ಎಷ್ಟು ಗಂಟೆ ಕಲಿತಿರಿ, ಕಲಿತದ್ದನ್ನು ಯಾರಾದರೂ ಪರೀಕ್ಷೆ ಮಾಡಿ ಗ್ರೇಡ್ ಕೊಟ್ಟಿದ್ದಾರೆಯೇ, ಆ ಕಲಿಕೆ ಯಾವ ಮಟ್ಟದ್ದು ಎಂಬ ನಾಲ್ಕು ಪ್ರಶ್ನೆಗೆ ಕಾಗದದಲ್ಲಿ ಉತ್ತರ ಇದ್ದರೆ ಮಾತ್ರ ಮಾತುಕತೆ ಮುಂದುವರಿಯುತ್ತದೆ.

2023ರಲ್ಲಿ ಬಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ 30 ಗಂಟೆ ಕಲಿಕೆಗೆ 1 ಕ್ರೆಡಿಟ್. ಒಂದು ವರ್ಷಕ್ಕೆ 1,200 ಗಂಟೆ, 40 ಕ್ರೆಡಿಟ್. ಮೂರು ವರ್ಷದ ಪದವಿಗೆ 120. ಮೊದಲ 40ಕ್ಕೆ ನಿಲ್ಲಿಸಿದರೆ ಸರ್ಟಿಫಿಕೇಟ್, 80ಕ್ಕೆ ಡಿಪ್ಲೊಮಾ. 30 ಗಂಟೆ ಎಂದರೆ ತರಗತಿಯಲ್ಲಿ ಕೂತದ್ದಷ್ಟೇ ಅಲ್ಲ. ಪ್ರಾಕ್ಟಿಕಲ್, ಪರೀಕ್ಷೆ, ಸ್ವಂತ ಓದು ಎಲ್ಲ ಅದರೊಳಗೆ ಬರುತ್ತದೆ. ಇದು ಸೈನಿಕರಿಗೆ ಅನುಕೂಲವಾದ ಮಾತು, ಏಕೆಂದರೆ ಸೇನೆಯ ಕೋರ್ಸುಗಳಲ್ಲಿ ಕೈಯಿಂದ ಮಾಡಿ ಕಲಿಯುವುದೇ ಹೆಚ್ಚು.

ಉದಾಹರಣೆಗೆ 14 ವಾರದ ಒಂದು ವೈರ್‌ಲೆಸ್ ಕೋರ್ಸ್ ತೆಗೆದುಕೊಳ್ಳಿ. ವಾರಕ್ಕೆ 6 ದಿನ, ದಿನಕ್ಕೆ 7 ಪಿರಿಯಡ್, ಒಂದು ಪಿರಿಯಡ್ 40 ನಿಮಿಷ. 14 ವಾರಕ್ಕೆ 588 ಪಿರಿಯಡ್, ಅಂದರೆ 23,520 ನಿಮಿಷ, 392 ಗಂಟೆ. 30ರಿಂದ ಭಾಗಿಸಿದರೆ 13 ಕ್ರೆಡಿಟ್. ಇದನ್ನೇ ‘ಮೂರೂವರೆ ತಿಂಗಳ ಕೋರ್ಸ್’ ಎಂದಷ್ಟೇ ಬರೆದ ಸರ್ಟಿಫಿಕೇಟ್ ಕೊಟ್ಟರೆ ಪರಿಶೀಲಿಸುವವರು ಪಿರಿಯಡ್ ಎಣಿಸಲು ಕೂರುವುದಿಲ್ಲ, ಪಕ್ಕಕ್ಕಿಡುತ್ತಾರೆ. ನೂರೆಂಟು ಅರ್ಜಿಗಳ ನಡುವೆ ನಿಮ್ಮದು ನಿಲ್ಲಬೇಕಾದರೆ ಲೆಕ್ಕವನ್ನು ನೀವೇ ಮಾಡಿಟ್ಟಿರಬೇಕು, ಆ ಲೆಕ್ಕಕ್ಕೆ ತರಬೇತಿ ಕೇಂದ್ರದ ಕಾಗದ ಸಾಕ್ಷಿಯಾಗಿರಬೇಕು.

ಗಾರ್ಡ್ ಡ್ಯೂಟಿ, ಫಟೀಗ್ (ದೈಹಿಕ ಶ್ರಮದ ಕೆಲಸ), ಹಡಗಿನ ಮಾಮೂಲಿ ವಾಚ್ ಇವುಗಳನ್ನು ಕಲಿಕೆಯ ಗಂಟೆಗೆ ಸೇರಿಸಬೇಡಿ. ಒಂದು ಕಡೆ ಉಬ್ಬಿಸಿದ್ದು ಕಂಡರೆ ಉಳಿದ ಲೆಕ್ಕದ ಮೇಲೂ ಅನುಮಾನ ಬರುತ್ತದೆ. ಹಾಗೆಯೇ ಗ್ರೇಡ್ ಇಲ್ಲದ, ‘ಹಾಜರಾಗಿದ್ದರು’ ಎಂದಷ್ಟೇ ಇರುವ ಸರ್ಟಿಫಿಕೇಟಿಗೆ ಕ್ರೆಡಿಟ್ ಹುಟ್ಟುವುದಿಲ್ಲ. ಮೌಲ್ಯಮಾಪನ ಆದ ಕಲಿಕೆಗೆ ಮಾತ್ರ ಕ್ರೆಡಿಟ್ ಎಂಬುದು ಇಡೀ ವ್ಯವಸ್ಥೆಯ ತಳಪಾಯ.

ಇಂಟರ್ನೆಟ್ಟಿನಲ್ಲಿ ಜಾಯಿಂಟ್ ಸರ್ವಿಸಸ್ ಟ್ರಾನ್ಸ್‌ಕ್ರಿಪ್ಟ್ ಎಂಬ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಅದು ಅಮೆರಿಕದ ಸೈನಿಕರಿಗೆ ಅಲ್ಲಿನ ವ್ಯವಸ್ಥೆ ಕೊಡುವ ದಾಖಲೆ. ಅಲ್ಲಿ ಕೋರ್ಸುಗಳನ್ನು ಮೊದಲೇ ತೂಗಿ, ಇಷ್ಟು ಕ್ರೆಡಿಟ್ ಕೊಡಬಹುದು ಎಂದು ಶಿಫಾರಸು ಮಾಡಿಟ್ಟಿರುತ್ತಾರೆ. ಆ ವಿಡಿಯೊಗಳನ್ನು ನೋಡಿ ಸೈನಿಕರ ಸೇವಾ ದಾಖಲೆ ಇಡುವ ನಮ್ಮ ರೆಕಾರ್ಡ್ ಆಫೀಸಿಗೆ ಅದೇ ಹೆಸರಿನ ಕಾಗದ ಕೇಳಿ ಬರೆಯಬೇಡಿ.

ಅಗ್ನಿವೀರರಾಗಿದ್ದರೆ

ಸದ್ಯಕ್ಕೆ ನಮ್ಮ ದೇಶದಲ್ಲಿ ಅತ್ಯಂತ ಸ್ಪಷ್ಟವಾದ ದಾರಿ ಇರುವುದು ಅಗ್ನಿವೀರರಿಗೆ, ಅಂದರೆ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷಕ್ಕೆ ಸೇನೆ ಸೇರಿದವರಿಗೆ. 2022ರ ಜೂನ್‌ನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಪ್ರಕಟಿಸಿದ ಯೋಜನೆಯಂತೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ (ಇಗ್ನೋ) ಅವರಿಗೆಂದೇ ಮೂರು ವರ್ಷದ ಕೌಶಲಾಧಾರಿತ ಪದವಿ ನಡೆಸುತ್ತದೆ. ಪದವಿಗೆ ಬೇಕಾದ ಕ್ರೆಡಿಟ್‌ಗಳಲ್ಲಿ ಅರ್ಧ ಸೇವೆಯೊಳಗಿನ ತರಬೇತಿಯಿಂದಲೇ ಬರುತ್ತದೆ, ತಾಂತ್ರಿಕ ತರಬೇತಿಯೂ ಸೇರಿ, ತಾಂತ್ರಿಕವಲ್ಲದ್ದೂ ಸೇರಿ. ಉಳಿದರ್ಧವನ್ನು ಓದಿ ಪಾಸಾಗಬೇಕು. ಭಾಷೆ, ಅರ್ಥಶಾಸ್ತ್ರ, ಇತಿಹಾಸ, ರಾಜ್ಯಶಾಸ್ತ್ರ, ಸಾರ್ವಜನಿಕ ಆಡಳಿತ, ಸಮಾಜಶಾಸ್ತ್ರ, ಗಣಿತ, ವಾಣಿಜ್ಯ, ಪ್ರವಾಸೋದ್ಯಮ, ಕೃಷಿ ಮುಂತಾದ ವಿಷಯಗಳಿಂದ ಆರಿಸಿಕೊಳ್ಳಬಹುದು. ಪರಿಸರ ಅಧ್ಯಯನ ಮತ್ತು ಇಂಗ್ಲಿಷ್ ಸಂವಹನ ಕೌಶಲವೂ ಇದೆ. 120ರ ಲೆಕ್ಕದಲ್ಲಿ 60 ಕ್ರೆಡಿಟ್ ತರಬೇತಿಯಿಂದ ಎಂದರೆ 1,800 ಗಂಟೆಯ ಓದು ಉಳಿಯಿತು. ಮೊದಲ ವರ್ಷ ಮುಗಿಸಿ ಬಿಟ್ಟರೆ ಸರ್ಟಿಫಿಕೇಟ್, ಎರಡು ಮುಗಿಸಿದರೆ ಡಿಪ್ಲೊಮಾ, ಮೂರಕ್ಕೆ ಪದವಿ. ಈ ರಚನೆಗೆ ಉನ್ನತ ಶಿಕ್ಷಣ, ತಾಂತ್ರಿಕ ಶಿಕ್ಷಣ, ವೃತ್ತಿ ತರಬೇತಿಗಳ ನಿಯಂತ್ರಕ ಸಂಸ್ಥೆಗಳಾದ ಯುಜಿಸಿ, ಎಐಸಿಟಿಇ, ಎನ್‌ಸಿವಿಇಟಿಗಳ ಮಾನ್ಯತೆ ಇದೆ.

ವಿಷಯ ಆರಿಸುವಾಗ ಊರಿಗೆ ಬಂದು ಏನು ಮಾಡುತ್ತೀರಿ ಎಂಬುದನ್ನು ಮುಂದಿಟ್ಟುಕೊಳ್ಳಿ. ಗೋಕರ್ಣ, ಮುರ್ಡೇಶ್ವರ, ದಾಂಡೇಲಿ ಇರುವ ಜಿಲ್ಲೆಗೆ ಪ್ರವಾಸೋದ್ಯಮ ಸುಮ್ಮನೆ ಆರಿಸಿಕೊಳ್ಳುವ ವಿಷಯವಲ್ಲ. ಶಿರಸಿ, ಸಿದ್ದಾಪುರದ ಕಡೆ ತೋಟ ನೋಡಿಕೊಳ್ಳುವವರಿಗೆ ಕೃಷಿ, ವಾಣಿಜ್ಯ ಉಪಯೋಗಕ್ಕೆ ಬರುತ್ತದೆ. ಮುಂದೆ ಬಿ.ಇಡಿ. ಮಾಡಬೇಕೆಂದಿರುವವರು ಶಾಲೆಯಲ್ಲಿ ಕಲಿಸುವ ವಿಷಯವನ್ನೇ ಪದವಿಯಲ್ಲಿ ಓದಿರಬೇಕಾಗುತ್ತದೆ. ಮೊದಲ ವರ್ಷವೇ ಅದನ್ನು ಗಮನಿಸದಿದ್ದರೆ ಮೂರನೇ ವರ್ಷದಲ್ಲಿ ತಿದ್ದಲು ಬರುವುದಿಲ್ಲ.

ಮೊದಲ ತಂಡದ ಅಗ್ನಿವೀರರು ತರಬೇತಿಗೆ ಸೇರಿದ್ದು 2022ರ ಕೊನೆ, 2023ರ ಆರಂಭದಲ್ಲಿ. ಅವರ ನಾಲ್ಕು ವರ್ಷ ತುಂಬುವುದು 2026ರ ಕೊನೆಯಿಂದ. ನಾಲ್ಕು ವರ್ಷ ಕೇಳಲು ಬಹಳ, ಆದರೆ ಮೊದಲ ಆರೇಳು ತಿಂಗಳು ತರಬೇತಿ ಮತ್ತು ಪೋಸ್ಟಿಂಗ್‌ನಲ್ಲಿ ಹೋಗುತ್ತದೆ, ಕೊನೆಯ ಕೆಲವು ತಿಂಗಳು ಬಿಡುಗಡೆಯ ಕಾಗದಪತ್ರದಲ್ಲಿ. ಆದ್ದರಿಂದ ಘಟಕಕ್ಕೆ ಬಂದ ಮೊದಲ ವರ್ಷದಲ್ಲೇ ನೋಂದಣಿ ಆಗಿಬಿಡಬೇಕು. ನೋಂದಣಿ ಸೇವೆಯ ಮೂಲಕ ನಡೆಯುವುದರಿಂದ ಮೊದಲು ಭೇಟಿಯಾಗಬೇಕಾದವರು ಘಟಕದ ಎಜುಕೇಷನ್ ಆಫೀಸರ್ ಅಥವಾ ಎಜುಕೇಷನ್ ಹವಾಲ್ದಾರ್. ಸೈಬರ್ ಕೆಫೆಯಲ್ಲಿ ಇಗ್ನೋದ ಸಾಮಾನ್ಯ ಬಿ.ಎ. ಫಾರಂ ತುಂಬಿಬಿಟ್ಟರೆ ಅಷ್ಟೂ ಕ್ರೆಡಿಟ್ಟನ್ನು ಓದಿಯೇ ಪಡೆಯಬೇಕಾಗುತ್ತದೆ, ತರಬೇತಿಯ ಅರ್ಧ ಅದಕ್ಕೆ ಸೇರುವುದಿಲ್ಲ. ಅಗ್ನಿವೀರರ ಪದವಿಗಳ ಹೆಸರಿನಲ್ಲಿ ಅಪ್ಲೈಡ್ ಸ್ಕಿಲ್ ಎಂಬ ಮಾತು ಇರುತ್ತದೆ. ಹಣ ಕಟ್ಟುವ ಮೊದಲು ಪರದೆಯ ಮೇಲೆ ಅದನ್ನು ಓದಿ ಖಚಿತ ಮಾಡಿಕೊಳ್ಳಿ.

ಹತ್ತನೇ ತರಗತಿ ಮಾತ್ರ ಓದಿ ಸೇರಿದ ಅಗ್ನಿವೀರರಿಗೆ ನೇರ ಪದವಿ ಇಲ್ಲ. ಅವರಿಗೆಂದು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್ ಹನ್ನೆರಡನೇ ತರಗತಿಯ ವಿಶೇಷ ಕಾರ್ಯಕ್ರಮ ಮಾಡಿದೆ. ಅದನ್ನು ಮುಗಿಸಿ ಪದವಿಗೆ ಸೇರಬೇಕು. ಇದೂ ಎಜುಕೇಷನ್ ಆಫೀಸರ್ ಮೂಲಕವೇ.

ಗೇಟ್ ದಾಟುವ ಮೊದಲು ಸಂಗ್ರಹಿಸಬೇಕಾದ ಕಾಗದಗಳು

ಎಲ್ಲಕ್ಕಿಂತ ಹೆಚ್ಚು ಕೆಲಸ ಕೆಡುವುದು ಇಲ್ಲಿ. ಸರ್ವಿಸಿನಲ್ಲಿ ಇದ್ದಾಗ ಒಂದು ಕಾಗದಕ್ಕೆ ಎರಡು ದಿನ ಸಾಕು. ಊರಿಗೆ ಬಂದ ಮೇಲೆ ಅದೇ ಕಾಗದಕ್ಕೆ ತಿಂಗಳುಗಟ್ಟಲೆ ಪತ್ರ ಬರೆಯಬೇಕು.

ಪ್ರತಿ ಕೋರ್ಸಿಗೂ ಒಂದು ಸಾಲು ಬರೆದಿಡಿ. ಕೋರ್ಸಿನ ಪೂರ್ತಿ ಹೆಸರು, ನಡೆದ ತರಬೇತಿ ಕೇಂದ್ರ, ಆರಂಭದ ಮತ್ತು ಮುಕ್ತಾಯದ ತಾರೀಖು, ಒಟ್ಟು ಪಿರಿಯಡ್, ಗಂಟೆಗೆ ಪರಿವರ್ತಿಸಿದ ಲೆಕ್ಕ, ಥಿಯರಿ ಎಷ್ಟು, ಪ್ರಾಕ್ಟಿಕಲ್ ಎಷ್ಟು, ಸಿಕ್ಕ ಗ್ರೇಡ್. ಮೇಲಿನ ವೈರ್‌ಲೆಸ್ ಕೋರ್ಸಿಗಾದರೆ ‘14 ವಾರ, 588 ಪಿರಿಯಡ್, 392 ಗಂಟೆ, ಗ್ರೇಡ್ ಬಿ’ ಎಂದು ಮುಗಿಯುತ್ತದೆ. ಈ ಪಟ್ಟಿಯ ಕೆಳಗೆ ಎಜುಕೇಷನ್ ಆಫೀಸರ್ ಅಥವಾ ಅಡ್ಜುಟೆಂಟ್ ಅವರ ಸಹಿ, ಹುದ್ದೆಯ ಮೊಹರು, ತಾರೀಖು ಬೇಕು. ಮೊಹರು ಬಿದ್ದ ಜಾಗದಲ್ಲಿ ಹೆಸರು ಓದಲು ಬರುತ್ತದೆಯೇ ನೋಡಿ. ಎಷ್ಟೋ ಸಲ ಮೊಹರು ಅರ್ಧ ಬಿದ್ದಿರುತ್ತದೆ, ಸಹಿ ಮಾಡಿದವರು ಯಾರೆಂದು ಆಮೇಲೆ ಗೊತ್ತಾಗುವುದಿಲ್ಲ.

ಕೋರ್ಸಿನ ಪಠ್ಯಸೂಚಿ ಕೇಳುವಾಗ ಎಚ್ಚರ. ‘ರಿಸ್ಟ್ರಿಕ್ಟೆಡ್’ ಎಂದು ಮೇಲೆ ಬರೆದ ಯಾವ ಕಾಗದವನ್ನೂ ಫೋಟೊ ತೆಗೆಯಬೇಡಿ, ಜೆರಾಕ್ಸ್ ಮಾಡಬೇಡಿ, ಎಲ್ಲೂ ಅಪ್‌ಲೋಡ್ ಮಾಡಬೇಡಿ. ಶಸ್ತ್ರ ವ್ಯವಸ್ಥೆಯ, ಹಡಗಿನ ಉಪಕರಣದ ಹೆಸರು ವಿಶ್ವವಿದ್ಯಾಲಯಕ್ಕೆ ಬೇಕಿಲ್ಲ. ಎಲೆಕ್ಟ್ರಾನಿಕ್ಸ್ ಮೂಲಪಾಠ ಇಷ್ಟು ಗಂಟೆ, ಡೀಸೆಲ್ ಎಂಜಿನ್ ನಿರ್ವಹಣೆ ಇಷ್ಟು ಗಂಟೆ, ಪ್ರಥಮ ಚಿಕಿತ್ಸೆ ಇಷ್ಟು ಗಂಟೆ ಎಂದು ಸಾಮಾನ್ಯ ವಿಷಯಗಳಲ್ಲಿ ಬರೆದ ಒಂದು ಪುಟವನ್ನು ಅಧಿಕಾರಿಯಿಂದಲೇ ಪಡೆಯಿರಿ. ಅಷ್ಟು ಸಾಕು, ಅದೇ ಸುರಕ್ಷಿತ.

ಈಗಾಗಲೇ ನಿವೃತ್ತರಾದವರು ಬರೆಯಬೇಕಾದದ್ದು ರೆಕಾರ್ಡ್ ಆಫೀಸಿಗೆ. ಅರ್ಗಾದ ಕದಂಬ ನೌಕಾನೆಲೆ ಮನೆ ಬಾಗಿಲಲ್ಲೇ ಇದೆ ಎಂದು ಕಾರವಾರದ ಮಾಜಿ ನಾವಿಕರು ಅಲ್ಲಿಯ ಗೇಟಿಗೆ ಹೋಗಿ ಕೇಳುವುದುಂಟು. ನಿವೃತ್ತ ನಾವಿಕರ ದಾಖಲೆ ಅಲ್ಲಿ ಇರುವುದಿಲ್ಲ, ಇರುವುದು ಮುಂಬೈ ಮಾನ್‌ಖುರ್ದಿನ ಚೀತಾ ಕ್ಯಾಂಪಿನಲ್ಲಿರುವ ಬ್ಯೂರೋ ಆಫ್ ಸೇಲರ್ಸ್‌ನಲ್ಲಿ. ವಾಯುಪಡೆಯವರಿಗೆ ದೆಹಲಿಯ ಸುಬ್ರೋತೋ ಪಾರ್ಕಿನ ಏರ್‌ಫೋರ್ಸ್ ರೆಕಾರ್ಡ್ ಆಫೀಸ್. ಭೂಸೇನೆಯಲ್ಲಿ ರೆಜಿಮೆಂಟಿಗೊಂದು. ಮರಾಠಾ ಲೈಟ್ ಇನ್‌ಫೆಂಟ್ರಿಗೆ ಬೆಳಗಾವಿ, ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ಬೆಂಗಳೂರು, ಆರ್ಟಿಲರಿಗೆ ನಾಸಿಕ್ ರೋಡ್, ಸಿಗ್ನಲ್ಸ್‌ಗೆ ಜಬಲ್‌ಪುರ, ಇಎಂಇಗೆ ಸಿಕಂದರಾಬಾದ್, ಮೆಡಿಕಲ್ ಕೋರ್‌ಗೆ ಲಖನೌ. ನಿಮ್ಮದು ಯಾವುದೆಂದು ಡಿಸ್ಚಾರ್ಜ್ ಬುಕ್ ಮತ್ತು ಪಿಪಿಒ (ಪಿಂಚಣಿ ಪಾವತಿ ಆದೇಶ) ಎರಡರಲ್ಲೂ ಇರುತ್ತದೆ.

ಪತ್ರವನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಒಂದೇ ಪುಟದಲ್ಲಿ ಬರೆಯಿರಿ. ಸರ್ವಿಸ್ ನಂಬರ್ ಮೊದಲ ಸಾಲಿನಲ್ಲೇ ಇರಲಿ, ಅದಿಲ್ಲದೆ ಕಡತ ಸಿಗುವುದಿಲ್ಲ. ಆಮೇಲೆ ರ್‍ಯಾಂಕ್, ದಾಖಲೆಯಲ್ಲಿ ಇದ್ದ ಹಾಗೆಯೇ ಹೆಸರು, ಸೇರಿದ ತಾರೀಖು, ಬಿಡುಗಡೆಯ ತಾರೀಖು, ಕೊನೆಯ ಘಟಕ. ‘ನನ್ನ ಎಲ್ಲ ದಾಖಲೆ ಕೊಡಿ’ ಎನ್ನಬೇಡಿ. ಯಾವ ಕೋರ್ಸ್, ಯಾವ ವರ್ಷ, ಎಲ್ಲಿ ಎಂದು ಹೆಸರಿಸಿ ‘ಈ ಕೋರ್ಸುಗಳ ಅವಧಿ ಮತ್ತು ಗ್ರೇಡಿನ ದೃಢೀಕೃತ ಪ್ರತಿ’ ಎಂದು ಕೇಳಿ. ಭೂಸೇನೆಯವರು ಕೋರ್ಸ್ ಪಾಸಾದದ್ದು ದಾಖಲಾದ ಪಾರ್ಟ್ ಟೂ ಆರ್ಡರಿನ ನಂಬರ್ ಗೊತ್ತಿದ್ದರೆ ಅದನ್ನೂ ಬರೆಯಿರಿ, ಹುಡುಕುವವರ ಅರ್ಧ ಕೆಲಸ ಮುಗಿದಂತೆ. ಡಿಸ್ಚಾರ್ಜ್ ಬುಕ್ಕಿನ ಸ್ವಯಂ ದೃಢೀಕೃತ ಪ್ರತಿ, ಪಿಪಿಒ, ಮಾಜಿ ಸೈನಿಕರ ಗುರುತಿನ ಚೀಟಿ ಲಗತ್ತಿಸಿ ಸ್ಪೀಡ್ ಪೋಸ್ಟ್ ಮಾಡಿ. ಉತ್ತರ ಬಾರದಿದ್ದರೆ ಒಂದು ನೆನಪೋಲೆ. ಅದಕ್ಕೂ ಬಾರದಿದ್ದರೆ 10 ರೂಪಾಯಿ ಶುಲ್ಕದ ಆರ್‌ಟಿಐ ಅರ್ಜಿ, 30 ದಿನದೊಳಗೆ ಉತ್ತರ ಕೊಡಬೇಕು. ಪತ್ರವನ್ನು ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯ ಮೂಲಕ ಕಳಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು.

ಕರಾವಳಿಯ ಮನೆಗಳಲ್ಲಿ ಕಾಗದಕ್ಕೆ ಮಳೆಗಾಲವೇ ಶತ್ರು. ಡಿಸ್ಚಾರ್ಜ್ ಬುಕ್ಕಿನ ಪುಟಗಳಿಗೆ ಬೂಸ್ಟು ಹಿಡಿದರೆ ಮೊದಲು ಅಳಿಸುವುದು ಮೊಹರಿನ ಶಾಯಿ. ಹಾಗೆಂದು ಲ್ಯಾಮಿನೇಷನ್ ಮಾಡಿಸಬೇಡಿ. ಲ್ಯಾಮಿನೇಟ್ ಆದ ಮೂಲ ದಾಖಲೆಯ ಮೇಲೆ ಮತ್ತೆ ನಮೂದು ಮಾಡಲು ಬರುವುದಿಲ್ಲ, ಶಾಖಕ್ಕೆ ಶಾಯಿ ಕದಡುವುದೂ ಇದೆ. ಮಳೆಗಾಲ ಶುರುವಾಗುವ ಮೊದಲೇ ಪ್ರತಿ ಪುಟವನ್ನೂ ಸ್ಕ್ಯಾನ್ ಮಾಡಿಸಿ, ಖಾಲಿ ಪುಟವನ್ನೂ ಬಿಡದೆ. ಮೂಲವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಟ್ರಂಕಿನ ತಳದಲ್ಲಿಡದೆ ಮೇಲಿಡಿ.

ನಾಯ್ಕ, ನಾಯಕ, ನಾಯ್ಕ್

ಹೆಸರಿನ ವ್ಯತ್ಯಾಸ ಈ ಜಿಲ್ಲೆಯವರನ್ನು ಕಾಡಿದಷ್ಟು ಬೇರೆ ಕಡೆಯವರನ್ನು ಕಾಡಲಿಕ್ಕಿಲ್ಲ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಗಣಪತಿ ರಾಮ ನಾಯ್ಕ, ಸರ್ವಿಸ್ ದಾಖಲೆಯಲ್ಲಿ ನಾಯಕ್ ಜಿ. ಆರ್., ಆಧಾರಿನಲ್ಲಿ ಗಣಪತಿ ನಾಯ್ಕ್. ಇಂಗ್ಲಿಷ್ ಕಾಗುಣಿತದಲ್ಲಿ ಒಂದಕ್ಷರ ಹೆಚ್ಚುಕಡಿಮೆ ಆದರೆ ನಮ್ಮ ಕಡೆ ಜಾತಿಯೇ ಬೇರೆಯಾಗುತ್ತದೆ, ಕಂಪ್ಯೂಟರಿಗೆ ಮನುಷ್ಯನೇ ಬೇರೆಯಾಗುತ್ತಾನೆ. ಗೌಡ, ಹರಿಕಂತ್ರ, ಹೆಗಡೆಗಳಲ್ಲೂ ಇದೇ ಪಾಡು. ಸೇನೆಯಲ್ಲಿ ನಾಯಕ್ ಎಂಬುದು ಒಂದು ರ್‍ಯಾಂಕ್ ಕೂಡ ಆಗಿರುವುದರಿಂದ ಅಡ್ಡಹೆಸರನ್ನು ರ್‍ಯಾಂಕ್ ಎಂದು ತಿಳಿದು ಬಿಟ್ಟುಬಿಡುವ ಸಾಧ್ಯತೆಯೂ ಇದೆ.

ಎಸ್ಸೆಸ್ಸೆಲ್ಸಿ ಕಾರ್ಡನ್ನು ಬುನಾದಿ ಎಂದಿಟ್ಟುಕೊಳ್ಳಿ, ಅದನ್ನು ತಿದ್ದಿಸುವುದು ಎಲ್ಲಕ್ಕಿಂತ ಕಷ್ಟ. ಉಳಿದದ್ದನ್ನು ಅದಕ್ಕೆ ಹೊಂದಿಸಿ. ಆಧಾರಿನಲ್ಲಿ ಹೆಸರನ್ನು ಜೀವನದಲ್ಲಿ ಎರಡು ಸಲ, ಹುಟ್ಟಿದ ತಾರೀಖನ್ನು ಒಂದೇ ಸಲ ಬದಲಿಸಬಹುದು, ಆದ್ದರಿಂದ ಅವಸರದಲ್ಲಿ ತಪ್ಪು ಕಾಗುಣಿತಕ್ಕೆ ಒಂದು ಅವಕಾಶ ಕಳೆದುಕೊಳ್ಳಬೇಡಿ. ಸರ್ವಿಸ್ ದಾಖಲೆಯ ತಿದ್ದುಪಡಿ ಸರ್ವಿಸಿನಲ್ಲಿರುವಾಗಲೇ ಆಗಲಿ. ಕೋರ್ಟ್ ಆವರಣದಲ್ಲಿ ಮಾಡಿಸಿದ ಅಫಿಡವಿಟ್ಟನ್ನು ಕಾಲೇಜು ತಾತ್ಕಾಲಿಕವಾಗಿ ಒಪ್ಪಿಕೊಂಡರೂ, ದಾಖಲೆಗಳನ್ನು ಡಿಜಿಟಲ್ ರೂಪದಲ್ಲಿಡುವ ಸರ್ಕಾರದ ಡಿಜಿಲಾಕರ್ ಒಪ್ಪುವುದಿಲ್ಲ. ಅಲ್ಲಿ ಅಕ್ಷರ ಅಕ್ಷರ ಹೊಂದಬೇಕು.

ಕ್ರೆಡಿಟ್ ಬ್ಯಾಂಕಿನ ಖಾತೆ

ಗಳಿಸಿದ ಕ್ರೆಡಿಟ್ ಜಮೆಯಾಗುವುದು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ (ಎಬಿಸಿ) ಎಂಬ ವ್ಯವಸ್ಥೆಯಲ್ಲಿ. 2021ರಲ್ಲಿ ಶುರುವಾದದ್ದು. ಡಿಜಿಲಾಕರ್ ತೆರೆದು, ಆಧಾರಿನಿಂದ ಒಳಹೋಗಿ, ಅಪಾರ್ ಅಥವಾ ಎಬಿಸಿ ಐಡಿ ಎಂದು ಹುಡುಕಿದರೆ 12 ಅಂಕಿಯ ಖಾತೆ ಸಂಖ್ಯೆ ಸಿಗುತ್ತದೆ. ಕೆಲಸ ಐದು ನಿಮಿಷದ್ದು. ಆದರೆ ಸೈನಿಕರಿಗೆ ಇಲ್ಲಿ ಒಂದು ವಿಶೇಷ ತೊಂದರೆ: ಆಧಾರಿಗೆ ಕೊಟ್ಟ ಮೊಬೈಲ್ ನಂಬರ್ ಹಳೆಯ ಪೋಸ್ಟಿಂಗಿನದಾಗಿದ್ದು ಅದು ಬಂದ್ ಆಗಿರುತ್ತದೆ, ಒಟಿಪಿ ಯಾರಿಗೋ ಹೋಗುತ್ತದೆ, ಇಲ್ಲವೇ ಎಲ್ಲಿಗೂ ಹೋಗುವುದಿಲ್ಲ. ರಜೆಗೆ ಬಂದಾಗ ಆಧಾರ್ ಕೇಂದ್ರಕ್ಕೆ ಹೋಗಿ, ಮುಂದೆಯೂ ಉಳಿಸಿಕೊಳ್ಳುವ ನಂಬರನ್ನು ಜೋಡಿಸಿ. ಹೆಂಡತಿಯದೋ ಅಣ್ಣನದೋ ಬೇಡ, ನಿಮ್ಮದೇ ಇರಲಿ.

ಈ ಖಾತೆಗೆ ನೀವಾಗಿ ಏನನ್ನೂ ಜಮಾ ಮಾಡಲು ಬರುವುದಿಲ್ಲ. ಕ್ರೆಡಿಟ್ ಹಾಕುವುದು ವಿಶ್ವವಿದ್ಯಾಲಯವೇ. ಡಿಸ್ಚಾರ್ಜ್ ಬುಕ್ ಅಪ್‌ಲೋಡ್ ಮಾಡಿದರೆ ಕ್ರೆಡಿಟ್ ಆಗುತ್ತದೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಜಮೆಯಾದ ಕ್ರೆಡಿಟ್ಟಿಗೆ ಹೆಚ್ಚೆಂದರೆ 7 ವರ್ಷದ ಆಯುಷ್ಯ. ಯಾವ ಸಂಸ್ಥೆಯಿಂದ ಪದವಿ ಪಡೆಯುತ್ತೀರೋ ಕನಿಷ್ಠ ಅರ್ಧ ಕ್ರೆಡಿಟ್ಟನ್ನು ಅಲ್ಲೇ ಗಳಿಸಿರಬೇಕು ಎಂಬ ನಿಯಮವೂ ಇದೆ, ಆದ್ದರಿಂದ ನಾಲ್ಕು ಕಡೆಯಿಂದ ಒಟ್ಟುಮಾಡಿ ಐದನೆಯ ಕಡೆ ಪದವಿ ಕೇಳಲು ಆಗುವುದಿಲ್ಲ. ಕೇಂದ್ರ ಸರ್ಕಾರದ ‘ಸ್ವಯಂ’ ಪೋರ್ಟಲ್ಲಿನ ಆನ್‌ಲೈನ್ ಕೋರ್ಸುಗಳಿಂದ ಒಂದು ಸೆಮಿಸ್ಟರಿನ ಶೇ. 40ರವರೆಗೆ ತರಬಹುದು, ಆದರೆ ನಿಮ್ಮ ವಿಶ್ವವಿದ್ಯಾಲಯ ಆ ಕೋರ್ಸನ್ನು ಒಪ್ಪಿದೆ ಎಂದು ಮೊದಲೇ ಕೇಳಿಕೊಂಡಿರಬೇಕು. ಕೋರ್ಸ್ ಉಚಿತ, ಪರೀಕ್ಷೆಗೆ ಶುಲ್ಕ.

ಹಳೆಯ ಸರ್ವಿಸಿನವರಿಗೆ

ಅಗ್ನಿಪಥಕ್ಕಿಂತ ಮುಂಚೆ ಸೇರಿ 15, 17, 20 ವರ್ಷ ದುಡಿದವರಿಗೆ ಅಗ್ನಿವೀರರಷ್ಟು ನೇರವಾದ ದಾರಿ ಇಲ್ಲ. ಅವರ ತರಬೇತಿ ಏನೂ ಕಡಿಮೆಯದಲ್ಲ, ಆದ್ದರಿಂದ ಇದು ನೋವಿನ ಸಂಗತಿಯೇ. ಇಗ್ನೋ ಹಿಂದೆ ಭೂಸೇನೆಗೆ ಜ್ಞಾನದೀಪ, ನೌಕಾಪಡೆಗೆ ಸಾಗರದೀಪ, ವಾಯುಪಡೆಗೆ ಆಕಾಶದೀಪ ಎಂಬ ಯೋಜನೆಗಳನ್ನು ತಂದಿತ್ತು. ಅದರಡಿ ಸಿಕ್ಕ ಸರ್ಟಿಫಿಕೇಟೋ ಅಂಕಪಟ್ಟಿಯೋ ನಿಮ್ಮ ಬಳಿ ಇದ್ದರೆ ಎಸೆಯಬೇಡಿ, ಎನ್‌ರೋಲ್‌ಮೆಂಟ್ ನಂಬರ್ ಸಮೇತ ಇಗ್ನೋಗೆ ಬರೆದು ಇಂದಿನ ಪದವಿಗೆ ಎಷ್ಟು ಹೊಂದುತ್ತದೆ ಎಂದು ಲಿಖಿತವಾಗಿ ಕೇಳಿ.

ಇನ್ನೊಂದು ದಾರಿ ವಿಶಾಖಪಟ್ಟಣದ ಆಂಧ್ರ ವಿಶ್ವವಿದ್ಯಾಲಯ ಮಾಜಿ ಸೈನಿಕರಿಗೆ ಕೊಡುವ ಮಾನವ ಸಂಪನ್ಮೂಲ ನಿರ್ವಹಣೆಯ ಬಿ.ಎ. ಇಲ್ಲಿ ಸೇವೆ ಮತ್ತು ತರಬೇತಿಯೇ ಆಧಾರ. ಅರ್ಜಿ ಸೈನಿಕ ಮಂಡಳಿಗಳ ಮೂಲಕ ಸಾಗುತ್ತದೆ, ಆದ್ದರಿಂದ ಮೊದಲು ಕೇಳಬೇಕಾದ್ದು ಜಿಲ್ಲಾ ಸೈನಿಕ ಕಚೇರಿಯಲ್ಲಿ. ಯಾವ ರ್‍ಯಾಂಕ್, ಯಾವ ವರ್ಷದ ನಂತರ ನಿವೃತ್ತರಾದವರು, ಶುಲ್ಕ ಎಷ್ಟು ಎಂಬುದನ್ನು ಆಗ ಜಾರಿಯಲ್ಲಿರುವ ಸುತ್ತೋಲೆಯಲ್ಲೇ ಓದಿಕೊಳ್ಳಿ, ವಾಟ್ಸ್ಯಾಪಿನಲ್ಲಿ ಬಂದ ಹಳೆಯ ಪ್ರತಿಯನ್ನು ನಂಬಿ ಹಣ ಕಳಿಸಬೇಡಿ. ಈ ಪದವಿ ಪಡೆದು ಎಂ.ಎ.ಗೆ ಸೇರಬೇಕೆಂದಿದ್ದರೆ, ಸೇರುವ ವಿಶ್ವವಿದ್ಯಾಲಯ ಅದನ್ನು ಒಪ್ಪುತ್ತದೆಯೇ ಎಂದು ಮೊದಲೇ ಪತ್ರ ಬರೆದು ಉತ್ತರ ತರಿಸಿಕೊಳ್ಳುವುದು ಲೇಸು.

ಎಸ್ಸೆಸ್ಸೆಲ್ಸಿ ಮುಗಿಸಿಯೇ ಸೇನೆ ಸೇರಿ ಪಿಯುಸಿ ಮಾಡದವರು ಎನ್‌ಐಒಎಸ್ ಮೂಲಕ ಹನ್ನೆರಡನೇ ತರಗತಿ ಮುಗಿಸಬೇಕು. ಒಂದು ಭಾಷೆ ಸೇರಿ 5 ವಿಷಯ, ಪಾಸಾಗಲು ಶೇ. 33. ಏಪ್ರಿಲ್–ಮೇ ಮತ್ತು ಅಕ್ಟೋಬರ್–ನವೆಂಬರ್, ವರ್ಷಕ್ಕೆ ಎರಡು ಪರೀಕ್ಷೆ, ನೋಂದಣಿ 5 ವರ್ಷ ನಡೆಯುತ್ತದೆ. ಪಿಯುಸಿ ಫೇಲಾಗಿ ಸೇನೆಗೆ ಹೋದವರು ಪಾಸಾಗಿದ್ದ ವಿಷಯಗಳಲ್ಲಿ ಎರಡರವರೆಗೆ ಅಂಕಗಳನ್ನು ವರ್ಗಾಯಿಸಿಕೊಳ್ಳಬಹುದು. ಹಳೆಯ ಅಂಕಪಟ್ಟಿಯ ಮೂಲ ಪ್ರತಿ ಬೇಕು. ಹನ್ನೆರಡನೇ ತರಗತಿಯಿಲ್ಲದೆ ಪದವಿಗೆ ಸೇರಿಸುವ ಅಡ್ಡದಾರಿಗಳನ್ನು ಹಿಡಿಯಬೇಡಿ, ನೌಕರಿಯ ದಾಖಲೆ ಪರಿಶೀಲನೆಯಲ್ಲಿ ಸಿಕ್ಕಿಬೀಳುವುದು ಅಲ್ಲೇ.

ಊರಿನ ಕಾಲೇಜಿಗೇ ಸೇರುವುದಾದರೆ

ಕಾರವಾರದ ದಿವೇಕರ್ ಕಾಲೇಜು, ಅಂಕೋಲೆಯ ಗೋಖಲೆ ಸೆಂಟಿನರಿ, ಕುಮಟೆಯ ಬಾಳಿಗಾ, ಹೊನ್ನಾವರದ ಎಸ್‌ಡಿಎಂ, ಶಿರಸಿಯ ಎಂ.ಎಂ. ಕಾಲೇಜು ಇವೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದವು. ಸೇನೆಯ ತರಬೇತಿಗೆ ಕ್ರೆಡಿಟ್ ಕೊಟ್ಟು ಎರಡನೇ ವರ್ಷಕ್ಕೆ ಸೇರಿಸಿಕೊಳ್ಳುವ ಅಧಿಕಾರ ಪ್ರಾಂಶುಪಾಲರಿಗಿಲ್ಲ. ಅದನ್ನು ತೀರ್ಮಾನಿಸುವುದು ವಿಶ್ವವಿದ್ಯಾಲಯ. ಅಲ್ಲದೆ 2024–25ರಿಂದ ಕರ್ನಾಟಕ ಸರ್ಕಾರ ನಾಲ್ಕು ವರ್ಷದ ಪದವಿ ಬಿಟ್ಟು ಮೂರು ವರ್ಷಕ್ಕೆ ಮರಳಿದೆ, ಹೀಗಾಗಿ ಇಗ್ನೋದ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ ತಂದವರನ್ನು ನಡುವೆ ಸೇರಿಸುವುದು ತಾನಾಗಿ ಆಗುವ ಕೆಲಸವಲ್ಲ. ಕುಲಸಚಿವರಿಗೆ ಅರ್ಜಿ, ಪಠ್ಯಸೂಚಿ, ಅಂಕಪಟ್ಟಿ, ವಲಸೆ ಪ್ರಮಾಣಪತ್ರ ಕಳಿಸಿ ಅರ್ಹತಾ ಪತ್ರ ಕೈಗೆ ಬಂದ ಮೇಲೆ ಶುಲ್ಕ ಕಟ್ಟಿ. ‘ಮೊದಲು ಅಡ್ಮಿಷನ್ ಆಗಲಿ, ಆಮೇಲೆ ನೋಡೋಣ’ ಎಂಬ ಮಾತಿಗೆ ಒಪ್ಪಿದರೆ ಒಂದು ವರ್ಷ ಹೋಗುವ ಅಪಾಯವಿದೆ. ನಮ್ಮ ಅಭಿಪ್ರಾಯ ಕೇಳಿದರೆ, ಇಗ್ನೋದಲ್ಲಿ ಅರ್ಧ ದಾರಿ ಬಂದವರು ಅಲ್ಲೇ ಪೂರೈಸಿ, ಆಮೇಲೆ ಸ್ನಾತಕೋತ್ತರಕ್ಕೆ ಧಾರವಾಡಕ್ಕೋ ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೋ ಬರುವುದು ಸುಲಭ. ಕನ್ನಡ ಮಾಧ್ಯಮವೇ ಬೇಕೆನ್ನುವವರಿಗೆ ಮುಕ್ತ ವಿಶ್ವವಿದ್ಯಾಲಯ ಹತ್ತಿರದ ಆಯ್ಕೆ, ಇಗ್ನೋದ ಪಠ್ಯ ಹೆಚ್ಚಾಗಿ ಇಂಗ್ಲಿಷ್, ಹಿಂದಿಯಲ್ಲಿ.

ನೌಕಾಪಡೆಯಿಂದ ಬಂದವರಲ್ಲಿ ಮರ್ಚೆಂಟ್ ನೇವಿಗೆ ಹೋಗುವ ಇರಾದೆ ಇದ್ದವರಿಗೆ ಕಾಲೇಜು ಕ್ರೆಡಿಟ್ಟಿಗಿಂತ ಬೇರೆ ದಾರಿ ಉಪಯುಕ್ತ. 2019ರಲ್ಲಿ ನೌಕಾಪಡೆ ಮತ್ತು ಹಡಗು ಮಹಾನಿರ್ದೇಶನಾಲಯ ಸೇರಿ ನಾವಿಕರ ತರಬೇತಿ, ಸಮುದ್ರ ಸೇವೆಗಳನ್ನು ಮರ್ಚೆಂಟ್ ನೇವಿಯ ಪ್ರಮಾಣಪತ್ರಕ್ಕೆ ಲೆಕ್ಕ ಹಿಡಿಯುವ ಯೋಜನೆ ಮಾಡಿವೆ. ಅದಕ್ಕೂ ಬೇಕಾದದ್ದು ಹಡಗು, ತಾರೀಖು, ಡ್ಯೂಟಿ ನಮೂದಾದ ಸಮುದ್ರ ಸೇವೆಯ ದೃಢೀಕರಣವೇ.

ಓದು ಶುರುವಾದ ಮೇಲೆ

ಇಗ್ನೋದಲ್ಲಿ ಬಹುತೇಕ ಕೋರ್ಸಿಗೆ ಅಸೈನ್‌ಮೆಂಟಿಗೆ ಶೇ. 30, ಪರೀಕ್ಷೆಗೆ ಶೇ. 70. ಎರಡರಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದು ಅಸೈನ್‌ಮೆಂಟ್ ಸಲ್ಲಿಸದವರ ಫಲಿತಾಂಶ ‘ಅಪೂರ್ಣ’ ಎಂದೇ ಉಳಿಯುತ್ತದೆ. ದೂರದ ಪೋಸ್ಟಿಂಗಿನಿಂದ ಕಳಿಸುವವರು ಪ್ರತಿ ಪುಟದ ಫೋಟೊ ಇಟ್ಟುಕೊಳ್ಳಿ, ರಸೀದಿ ಇಟ್ಟುಕೊಳ್ಳಿ. ಪರೀಕ್ಷೆ ಜೂನ್ ಮತ್ತು ಡಿಸೆಂಬರಿನಲ್ಲಿ, ಫಾರಂ ಅದಕ್ಕೂ ಮುಂಚೆ ಪ್ರತ್ಯೇಕವಾಗಿ ತುಂಬಬೇಕು. ಅಡ್ಮಿಷನ್ ಆಗಿದೆ ಎಂದ ಮಾತ್ರಕ್ಕೆ ಹಾಲ್ ಟಿಕೆಟ್ ಬರುವುದಿಲ್ಲ. ಪರೀಕ್ಷಾ ಕೇಂದ್ರವನ್ನು ಆ ತಿಂಗಳು ನೀವು ಎಲ್ಲಿರುತ್ತೀರೋ ಅಲ್ಲಿಗೆ ಹಾಕಿ. ಊರಿನ ಮೋಹಕ್ಕೆ ಊರಿನ ಹತ್ತಿರದ ಕೇಂದ್ರ ಹಾಕಿ ರಜೆ ಸಿಗದೆ ಪರೀಕ್ಷೆ ತಪ್ಪಿಸಿಕೊಳ್ಳುವವರು ಬಹಳ.

ಜುಲೈ ಪ್ರವೇಶಾತಿಯ ಕಾಲವೂ ನಮ್ಮ ಆಷಾಢದ ಮಳೆಯೂ ಒಂದೇ ಸಮಯಕ್ಕೆ ಬರುತ್ತವೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಕಟ್ಟಿಹೋಯಿತು, ಅರಬೈಲು, ದೇವಿಮನೆ ಘಟ್ಟಗಳಲ್ಲೂ ಮಳೆಗಾಲದ ಪ್ರಯಾಣಕ್ಕೆ ಖಾತ್ರಿಯಿಲ್ಲ. ಶಿರಸಿ, ಯಲ್ಲಾಪುರದವರು ಕಾರವಾರದ ಕಚೇರಿಯಲ್ಲಿ ಮೊಹರು ಹಾಕಿಸಬೇಕಾದ ಕಾಗದಗಳನ್ನು ಮೇ ಕೊನೆಯೊಳಗೆ ಮುಗಿಸಿಕೊಳ್ಳಿ. ಆನ್‌ಲೈನ್ ಫಾರಂ ತುಂಬುವುದನ್ನೂ ಕೊನೆಯ ದಿನಕ್ಕೆ ಇಡಬೇಡಿ, ಕರೆಂಟ್ ಹೋದರೆ ನಮ್ಮ ಕಡೆ ಎರಡು ದಿನ ಬಾರದಿರುವುದೂ ಉಂಟು. ಶುಲ್ಕ ಕಟ್ಟಿದಾಗ ಹಣ ಹೋಗಿ ರಸೀದಿ ಬಾರದಿದ್ದರೆ ತಕ್ಷಣ ಎರಡನೇ ಸಲ ಕಟ್ಟಬೇಡಿ. ವ್ಯವಹಾರದ ಸಂಖ್ಯೆ ಬರೆದಿಟ್ಟುಕೊಂಡು, ಒಂದು ದಿನ ಬಿಟ್ಟು ಅರ್ಜಿಯ ಸ್ಥಿತಿ ನೋಡಿ, ಆಮೇಲೆ ಮುಂದುವರಿಯಿರಿ.